ಡಿಕ್ಕಿಯೊಳಗೇನಿದೆ

ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ನಕಾಶೆಗಾರ ಸುಳ್ಳು ಹೇಳುವವನಲ್ಲ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದೇ ಹೆಚ್ಚು ಸರಿ. ಇದು ಸದ್ಗುಣ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅವನ ಕಾರಿನ ಚಕ್ರದ ಗಾಳಿ ಹೋದ ದಿನದಿಂದ ಅದೊಂದು ಅಂಗವೈಕಲ್ಯ ಎಂದು ತಿಳಿದಿದ್ದೇನೆ.

ನಮ್ಮದು ನೀರು ಸರಬರಾಜು ಮತ್ತು ಒಳಚರಂಡಿ ಕಚೇರಿ. ನೆಲದಡಿಯ ಕೊಳವೆಗಳ ನಕಾಶೆ ಬರೆಯುವುದು ಅವನ ಕೆಲಸ. ಯಾವ ರಸ್ತೆಯ ಕೆಳಗೆ ಯಾವ ಪೈಪು ಹಾದಿದೆ, ಎಲ್ಲಿ ತಿರುಗಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಅದೇ ರಸ್ತೆಯ ಮೇಲೆ ಏನು ನಡೆಯುತ್ತಿದೆ ಎಂಬುದು ಮಾತ್ರ ಅವನಿಗೆ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ.

ಒಂದು ಸಂಜೆ ನಮ್ಮ ಮೇಲಧಿಕಾರಿಗಳ ಕಾರು ಕಚೇರಿಯ ಅಂಗಳದಲ್ಲೇ ಪಂಕ್ಚರ್ ಆಯಿತು. ಅವರ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅವರದೂ ನಕಾಶೆಗಾರನದೂ ಒಂದೇ ಮಾದರಿಯ ಹಳೇ ಕಾರು. ನಾವೆಲ್ಲ ಸುತ್ತ ನಿಂತು ಅಯ್ಯೋ ಪಾಪ ಎನ್ನುತ್ತಿದ್ದೆವು. ನಕಾಶೆಗಾರ ಮುಂದೆ ಬಂದ.

"ನನ್ನ ಸ್ಟೆಪ್ನಿ ತಗೊಳ್ಳಿ ಸರ್. ನನ್ನ ಕೈಯಲ್ಲಿ ಗಾಡಿ ಪಂಕ್ಚರ್ ಆಗೋದೇ ಇಲ್ಲ. ಅದೆಲ್ಲ ಓಡಿಸೋ ರೀತಿ ಮೇಲಿದೆ," ಎಂದ.

ಅವನು ಕಾರು ಓಡಿಸಲು ಕಲಿತದ್ದು ಆ ವರ್ಷವೇ. ಆದರೆ ಆ ಮಾತನ್ನು ಎಷ್ಟು ಗಂಭೀರವಾಗಿ ಹೇಳಿದನೆಂದರೆ ನಾನೂ ತಲೆಯಾಡಿಸಿದೆ. ಅಧಿಕಾರಿಗಳು ಅವನ ಭುಜ ತಟ್ಟಿ ಸ್ಟೆಪ್ನಿ ಹಾಕಿಸಿಕೊಂಡು ಹೋದರು. ಮುಂದಿನ ವಾರ ಅವರಿಗೆ ವರ್ಗವಾಯಿತು. ರಾಜ್ಯದ ಇನ್ನೊಂದು ತುದಿಗೆ ಅದೇ ಕಾರಿನಲ್ಲಿ ಹೊರಟುಹೋದರು. ವರ್ಗಾವಣೆಯ ಆದೇಶದಲ್ಲಿ ಸ್ಟೆಪ್ನಿಯ ಪ್ರಸ್ತಾಪ ಇರಲಿಲ್ಲ.

"ಫೋನ್ ಮಾಡಿ ಕೇಳಪ್ಪ," ಎಂದೆ ನಾನು.

"ಒಂದು ಟೈರಿಗೋಸ್ಕರ ಅಷ್ಟು ದೊಡ್ಡೋರನ್ನ ಕೇಳೋದಾ?"

ಬೇರೆ ಕೊಳ್ಳೋಣವೆಂದರೆ ಆ ಅಳತೆಯ ಚಕ್ರ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದ. ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಜಮಖಾನ ಹಾಸಿ, ಯಾರಿಗೂ ಹೇಳದೆ ಸುಮ್ಮನಾದ. ಯಾರಿಗೂ ಎಂದರೆ ಮುಖ್ಯವಾಗಿ ಅವನ ಮಾವನಿಗೆ.

ಆ ಕಾರು ಮಾವನದು. ಅವರು ಮೋಟಾರು ವಾಹನ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಉದ್ಯೋಗದಲ್ಲಿದ್ದಷ್ಟು ಕಾಲ ಬೇರೆಯವರ ಗಾಡಿಗಳಲ್ಲಿ ಏನೇನು ಇಲ್ಲ ಎಂದು ಹುಡುಕಿದವರು. ಕಣ್ಣು ಮಂಜಾಗುತ್ತಾ ಬಂದಾಗ ತಮ್ಮ ಕಾರನ್ನು ಅಳಿಯನಿಗೆ ಕೊಟ್ಟರು. ಮಗಳನ್ನು ಕೊಡುವಾಗ ಮಾತಾಡಿದ್ದಕ್ಕಿಂತ ಹೆಚ್ಚು ಅವತ್ತು ಮಾತಾಡಿದರು ಎಂದು ಮಗಳೇ ಹೇಳುತ್ತಾಳೆ. "ಅಳಿಯಂದ್ರೇ, ಎಲ್ಲರೂ ಕಾರಿಗೆ ನಾಲ್ಕು ಚಕ್ರ ಅಂತಾರೆ. ತಪ್ಪು. ಐದು. ನಾಲ್ಕು ಚಕ್ರ ಓಡೋಕೆ, ಐದನೇದು ಮರ್ಯಾದೆಗೆ," ಎಂದಿದ್ದರಂತೆ.

ನಕಾಶೆಗಾರನ ಹೆಂಡತಿ ಶಾಲಾ ಶಿಕ್ಷಕಿ. ಊರಿನ ದೊಡ್ಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯ ಹುದ್ದೆ ಖಾಲಿಯಾಗಿ ಇವಳನ್ನು ಸಂದರ್ಶನಕ್ಕೆ ಕರೆದಿದ್ದರು. ಆ ಬೆಳಿಗ್ಗೆ ಮಾವನೂ ಜೊತೆಗೆ ಹೊರಟರು. ಮಗಳ ಸಂದರ್ಶನ ಒಂದು ನೆಪ. ಕಾರಿನ ಯೋಗಕ್ಷೇಮ ನೋಡಬೇಕಿತ್ತು. ಮುಂದಿನ ಸೀಟಿನಲ್ಲಿ ಕೂತು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ ಫೈಲನ್ನು ಮಡಿಲಲ್ಲಿಟ್ಟುಕೊಂಡು, ತುಟಿಯೊಳಗೇ ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದಳು. ಪೇಟೆಯ ರಸ್ತೆ ಅರ್ಧ ದಾಟಿರಬೇಕು, ಕಾರು ಎಡಕ್ಕೆ ಎಳೆಯತೊಡಗಿತು.

"ಎಡಗಡೆ ಮುಂದಿನ ಚಕ್ರ," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ. "ಪಕ್ಕಕ್ಕೆ ಹಾಕಿ."

ಪಕ್ಕಕ್ಕೆ ಹಾಕಿದ. ಇಳಿದು ನೋಡಿದರೆ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಮಾವನಿಗೆ ಬೇಸರವೇ ಆಗಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸ ಇದು.

"ಒಳ್ಳೇದೇ ಆಯ್ತು," ಎಂದು ತೋಳು ಮಡಚಿದರು. "ನೀವು ಚಕ್ರ ಬದಲಾಯಿಸೋದನ್ನ ನಾನು ನೋಡೇ ಇಲ್ಲ. ಹೂಂ, ಡಿಕ್ಕಿ ತೆಗೀರಿ."

ನಕಾಶೆಗಾರನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. "ಬೆನ್ನು ಹಿಡ್ಕೊಂಡಿದೆ ಮಾವ. ಬಗ್ಗೋಕಾಗಲ್ಲ."

"ಬೆಳಿಗ್ಗೆ ಮಂಚದ ಕೆಳಗೆ ಚಪ್ಪಲಿ ಹುಡುಕೋವಾಗ ಚೆನ್ನಾಗೇ ಬಗ್ಗಿದ್ರಲ್ಲ," ಎಂದಳು ಹೆಂಡತಿ.

"ಆಗಲೇ ಹಿಡ್ಕೊಂಡಿದ್ದು."

"ಪರವಾಗಿಲ್ಲ, ನಾನೇ ಬದಲಾಯಿಸ್ತೀನಿ," ಎಂದರು ಮಾವ. "ಡಿಕ್ಕಿ ಕೀ ಕೊಡಿ."

ಆ ಹಳೇ ಕಾರಿನ ಡಿಕ್ಕಿಗೆ ಬೇರೆಯೇ ಕೀ. ಅದು ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ, "ಅದು ಮನೇಲೇ ಉಳೀತು ಮಾವ," ಎಂದ.

ಹೆಂಡತಿ ಅವನ ಮುಖ ನೋಡಿದಳು. ಜೇಬು ನೋಡಿದಳು. ರಸ್ತೆಯಾಚೆ ಬಸ್ಸು ಬರುತ್ತಿರುವುದನ್ನೂ ನೋಡಿದಳು.

"ನಾನು ಬಸ್ಸಿಗೆ ಹೋಗ್ತೀನಿ. ನನಗೇನಾದ್ರೂ ಹೇಳೋದಿದೆಯಾ ನೀವು?"

"ಏನಿಲ್ಲ. ಚೆನ್ನಾಗಿ ಉತ್ತರ ಕೊಡು."

ಅವಳು ಹೋದಳು. ಆ ದಿನ ಅಲ್ಲಿದ್ದ ಬುದ್ಧಿಯೆಲ್ಲ ಆ ಬಸ್ಸಿನಲ್ಲೇ ಹೋಯಿತು ಎಂದರೆ ತಪ್ಪಿಲ್ಲ.

ಮಾವ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಳೆ ಹುಡುಕುತ್ತಿದ್ದಾಗ ನಕಾಶೆಗಾರ ಕೀಯನ್ನು ಕಾಲುಚೀಲದೊಳಗೆ ಇಳಿಸಿದ. ಅದು ಜಾರಿ ಹಿಮ್ಮಡಿಯ ಕೆಳಗೆ ಹೋಗಿ ಕೂತಿತು. ಹೆಜ್ಜೆಯಿಟ್ಟರೆ ಚುಚ್ಚುತ್ತದೆ. ಕುಂಟತೊಡಗಿದ.

"ಬೆನ್ನು ನೋವಿಗೆ ಕಾಲು ಯಾಕ್ರೀ ಕುಂಟುತ್ತೆ?" ಎಂದು ಕೇಳಿದ, ಹತ್ತಿರದ ಜೆರಾಕ್ಸ್ ಅಂಗಡಿಯವನು. ಗಿರಾಕಿ ಇಲ್ಲದ ಹೊತ್ತು, ಬಾಗಿಲಿಗೆ ಬಂದು ನಿಂತಿದ್ದ.

"ನರ," ಎಂದ ನಕಾಶೆಗಾರ.

ಅಷ್ಟರಲ್ಲಿ ಮಾವನ ಮಂಜುಗಣ್ಣಿಗೆ ಎದುರಿನ ಗೋಡೆಯ ದೊಡ್ಡ ಅಕ್ಷರಗಳು ಕಂಡವು. ಕೀಲಿಕೈ ಮಾಡಿಕೊಡಲಾಗುವುದು. ಹೋಗಿ ಕೀಲಿಕೈಯವನನ್ನು ಕರೆದುಕೊಂಡೇ ಬಂದರು. ಅವನು ತಂತಿಯ ಗೊಂಚಲು ಹಿಡಿದು ಬರುವಷ್ಟರಲ್ಲಿ ನಕಾಶೆಗಾರ ಡಿಕ್ಕಿಯ ಮೇಲೆ ಹತ್ತಿ ಕೂತಿದ್ದ. ಕಾಲುಗಳು ಸರಿಯಾಗಿ ಬೀಗದ ಮುಂದೆ ಇಳಿಬಿದ್ದಿದ್ದವು.

"ಸ್ವಲ್ಪ ಇಳೀರಿ ಸ್ವಾಮಿ, ಬೀಗ ನೋಡಬೇಕು."

"ಕೂತ್ರೆ ಏಳೋಕಾಗಲ್ಲಪ್ಪ. ಬೆನ್ನು."

"ಒಳಗೆ ಸೀಟಲ್ಲಿ ಕೂತ್ಕೊಳ್ಳಿ ಅಳಿಯಂದ್ರೇ," ಎಂದರು ಮಾವ.

"ಒಳಗೆ ಸೆಕೆ ಮಾವ."

ಕೀಲಿಕೈಯವನು ಮಾವನ ಮುಖ ನೋಡಿದ. ತನ್ನ ವೃತ್ತಿಜೀವನದಲ್ಲಿ ಬೀಗ ತೆಗೆಯಲು ಬಂದಾಗ ಜನ ಸಂತೋಷಪಡುವುದನ್ನಷ್ಟೇ ಕಂಡವನು. ಈತ ಬೆವರುತ್ತಿದ್ದಾನೆ. "ಇವರಿಗೆ ಇಷ್ಟ ಇಲ್ಲ ಅಂತ ಕಾಣುತ್ತೆ," ಎಂದು ಮೆಲ್ಲಗೆ ಹೇಳಿ, ತಂತಿ ಸುತ್ತಿಕೊಂಡು ಹೋದ. ಮೆಲ್ಲಗೆ ಹೇಳಿದ್ದು ಮಾವನಿಗೆ ಮಾತ್ರ. ತನ್ನ ಅಂಗಡಿಗೆ ಹೋದ ಮೇಲೆ ಎಲ್ಲರಿಗೂ ಹೇಳಿದ.

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಕೆಳಗಿನ ಔಷಧಿ ಅಂಗಡಿಯವಳಿಗೆ ಕೂಗಿ ಹೇಳಿದಳು: "ನಾನು ಆಗಿನಿಂದ ನೋಡ್ತಾನೇ ಇದೀನಿ ಕಣೇ. ಡಿಕ್ಕಿ ಹತ್ರ ಒಂದು ನೊಣಾನೂ ಬಿಡ್ತಿಲ್ಲ ಆ ಮನುಷ್ಯ."

ಔಷಧಿ ಅಂಗಡಿಯವಳು ಮೂಗು ಮುಚ್ಚಿಕೊಂಡಳು. "ಅಕ್ಕಾ, ಏನೋ ವಾಸನೆ ಬರ್ತಿದೆ ಅಲ್ವಾ?"

ವಾಸನೆ ಬರುತ್ತಿದ್ದುದು ನಿಜ. ಕಾರಿನ ಹಿಂದೆಯೇ ಒಳಚರಂಡಿಯ ಮುಚ್ಚಳ ಸರಿದಿತ್ತು. ನಕಾಶೆಗಾರನಿಗೆ ಅದು ಚೆನ್ನಾಗಿ ಗೊತ್ತು. ಆ ದಿನ ಅವನಿಗೆ ಖಚಿತವಾಗಿ ಗೊತ್ತಿದ್ದ ಸಂಗತಿ ಅದೊಂದೇ ಆದ್ದರಿಂದ ಉತ್ಸಾಹದಿಂದ ವಿವರಿಸಿದ. "ಗಾಬರಿ ಆಗಬೇಡಿ. ಅದು ನಮ್ಮದೇ. ವರ್ಷಗಟ್ಟಲೆಯಿಂದ ಕೆಳಗೆ ಕೊಳೀತಾ ಇರುತ್ತೆ, ಈಗ ಹೊರಗೆ ಬಂದಿದೆ ಅಷ್ಟೆ."

ಜನ ಎರಡು ಹೆಜ್ಜೆ ಹಿಂದೆ ಸರಿದರು. ಹಾಗೆ ಸರಿದದ್ದರಿಂದ ರಸ್ತೆಯ ಅರ್ಧ ಮುಚ್ಚಿತು. ಗಾಡಿಗಳು ನಿಂತವು. ನಿಂತ ಗಾಡಿಗಳವರು ಇಳಿದು ಬಂದು ಏನು ಎಂದು ಕೇಳಿದರು. ಕೇಳಿದವರಿಗೆಲ್ಲ ಜೆರಾಕ್ಸ್ ಅಂಗಡಿಯವನು ತನ್ನ ಕಸುಬಿನ ಅಭ್ಯಾಸಬಲದಿಂದ ಒಂದೊಂದು ಪ್ರತಿ ಕೊಟ್ಟ.

ಮಾವನಿಗೆ ಸಿಟ್ಟು ಬಂತು. ಗುಂಪಿನ ಕಡೆ ತಿರುಗಿ, "ನನ್ನ ಅಳಿಯ ಅಂಥವರಲ್ಲ," ಎಂದು ಗಟ್ಟಿಯಾಗಿ ಹೇಳಿದರು. ಅಲ್ಲಿಯವರೆಗೆ ಸುಮ್ಮನಿದ್ದವರೂ, ಎಂಥವರು, ಎಂಥವರು ಎಂದು ಪಕ್ಕದವರನ್ನು ಕೇಳತೊಡಗಿದರು. ಉತ್ತರಗಳು ತಾವಾಗಿಯೇ ಹುಟ್ಟಿದವು.

ಕಾನ್‌ಸ್ಟೇಬಲ್ ಬಂದ. ವಯಸ್ಸಾದ, ಸಮಾಧಾನದ ಮನುಷ್ಯ. ಗುಂಪನ್ನು ಬಿಡಿಸಿಕೊಂಡು ಡಿಕ್ಕಿಯ ಮುಂದೆ ನಿಂತ.

"ಏನಿದೆ ಸ್ವಾಮಿ ಒಳಗೆ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ತೆಗೆಯೋಕೇನು?"

ನಕಾಶೆಗಾರ ಮಾವನತ್ತ ನೋಡಿದ. ಧ್ವನಿ ತಗ್ಗಿಸಿ, "ಏನೂ ಇಲ್ಲ ಅನ್ನೋದಕ್ಕೇ ತೆಗೆಯೋಕಾಗ್ತಿಲ್ಲ," ಎಂದ.

ಅವನ ಬದುಕಿನಲ್ಲಿ ಇಷ್ಟು ನಿಜವಾದ ಮಾತನ್ನು ಅವನು ಆಡಿರಲಾರ. ಕಾನ್‌ಸ್ಟೇಬಲ್ ಪಕ್ಕಕ್ಕೆ ಹೋಗಿ ಫೋನ್ ತೆಗೆದ. "ಸರ್, ಏನೂ ಇಲ್ಲ ಅಂತಿದಾನೆ ಸರ್. ಹೌದು ಸರ್, ನನಗೂ ಹಾಗೇ ಅನ್ನಿಸ್ತು ಸರ್. ಗಾಡಿ ಎತ್ತೋ ಕ್ರೇನನ್ನೂ ಕಳಿಸಿಬಿಡಿ ಸರ್."

ಆಗಲೇ ನನಗೆ ಫೋನ್ ಬಂದದ್ದು. ನಕಾಶೆಗಾರನ ದನಿ ನೀರಿಲ್ಲದ ನಲ್ಲಿಯ ಹಾಗೆ ಬರುತ್ತಿತ್ತು. "ಆ ಸಾಹೇಬ್ರ ನಂಬರ್ ಇದೆಯಾ? ಅವರಿಗೆ ಕೊಟ್ಟಿದ್ದನ್ನ ಈಗಲೇ ವಾಪಸ್ ತರಿಸ್ಬೇಕು. ಇಲ್ಲಾಂದ್ರೆ ನಾನು ಮುಗಿದೆ."

ಹಿಂದೆಯೇ ಕಾನ್‌ಸ್ಟೇಬಲ್ಲನ ದನಿ ಕೇಳಿಸಿತು. "ಯಾವ ಸಾಹೇಬ್ರು? ಏನು ಕೊಟ್ಟಿದೀರಿ?" ಫೋನ್ ಕಟ್ಟಾಯಿತು. ನಾನು ಕೂಡಲೇ ಕರ್ತವ್ಯಕ್ಕಿಳಿದು, ಅವನನ್ನು ಪೊಲೀಸರು ಹಿಡಿದಿದ್ದಾರೆ, ದೊಡ್ಡವರೂ ಇದರಲ್ಲಿದ್ದಾರೆ ಎಂದು ಕಚೇರಿಯಲ್ಲಿ ಎಲ್ಲರಿಗೂ ತಿಳಿಸಿದೆ. ಸ್ನೇಹಿತನಾಗಿ ನನ್ನಿಂದ ಆದದ್ದು ಅಷ್ಟು.

ಸಬ್ ಇನ್ಸ್‌ಪೆಕ್ಟರೂ ಬಂದರು. ಎಳೆ ಪ್ರಾಯದವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಇಂಥದೊಂದು ಡಿಕ್ಕಿಗಾಗಿಯೇ ಕಾದಿದ್ದ ಹಾಗಿತ್ತು. ಗುಂಪನ್ನು ದೂರ ನಿಲ್ಲಿಸಿ, ಕಾರಿನ ಸುತ್ತ ಹಗ್ಗ ಕಟ್ಟಿಸಿದರು. ಮಾವ ಹಗ್ಗದೊಳಗೇ ಉಳಿದು, ತಾವೂ ಇನ್ಸ್‌ಪೆಕ್ಟರಾಗಿದ್ದವರೆಂಬ ಸಲುಗೆಯಿಂದ ಅವರಿಗೆ ಕಾರಿನ ಹಿರಿಮೆ ಹೇಳಲು ಹೊರಟರು.

"ಈ ಗಾಡಿ ನಾನು ಕೊಟ್ಟಿದ್ದು. ಒಳಗೆ ಜಾಕಿ, ಪಾನಾ, ಸ್ಟೆಪ್ನಿ ಬಿಟ್ರೆ ಬೇರೇನೂ ಇರೋಕೆ ಸಾಧ್ಯ ಇಲ್ಲ. ನನ್ನ ಮಾತಿಗೆ ನಾನೇ ಜಾಮೀನು."

ಡಿಕ್ಕಿಯ ಮೇಲೆ ಕೂತಿದ್ದ ಅಳಿಯನ ಬಾಯಿಂದ ಸಣ್ಣದೊಂದು ನರಳಿಕೆ ಹೊರಬಿತ್ತು. ಸಬ್ ಇನ್ಸ್‌ಪೆಕ್ಟರು ಅದನ್ನು ಗಮನಿಸಿದರು. ಕೀಲಿಕೈಯವನಿಗೆ ಮತ್ತೆ ಕರೆ ಹೋಯಿತು. ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದ. ಸಾಕ್ಷಿ ಹೇಳುವ ಕಾಟ ಅವನಿಗೆ ಬೇಕಿರಲಿಲ್ಲ.

ಇತ್ತ ಶಾಲೆಯಲ್ಲಿ ಸಂದರ್ಶನ ಸಮಿತಿಯ ಅಧ್ಯಕ್ಷರು ತಡವಾಗಿ ಬಂದು ಕುರ್ಚಿಯಲ್ಲಿ ಕುಸಿದರಂತೆ. ಪೇಟೆ ರಸ್ತೆಯೆಲ್ಲ ಜಾಮ್, ಯಾರೋ ಒಬ್ಬ ಡಿಕ್ಕಿಯಲ್ಲಿ ಹೆಣ ಇಟ್ಟುಕೊಂಡು ಅದರ ಮೇಲೇ ಕೂತಿದ್ದಾನೆ, ಪೊಲೀಸರು ಕೇಳಿದರೂ ತೆಗೆಯುತ್ತಿಲ್ಲ ಎಂದರಂತೆ. ಸಮಿತಿಯವರೆಲ್ಲ ಕಾಲ ಕೆಟ್ಟಿತು ಎಂದು ಒಪ್ಪಿಕೊಂಡ ಮೇಲೆ ಅಧ್ಯಕ್ಷರು ಇವಳ ಕಡೆ ತಿರುಗಿದರು.

"ಇದನ್ನೇ ಕೇಳ್ತೀನಮ್ಮ. ಒಬ್ಬ ಹುಡುಗ ತನ್ನ ಚೀಲ ತೆಗೆದು ತೋರಿಸೋಲ್ಲ ಅಂತ ಹಟ ಹಿಡಿದಿದಾನೆ. ಇಡೀ ತರಗತಿ ನೋಡ್ತಿದೆ. ಮುಖ್ಯೋಪಾಧ್ಯಾಯಿನಿಯಾಗಿ ಏನ್ ಮಾಡ್ತೀರಿ?"

ನಕಾಶೆಗಾರನ ಹೆಂಡತಿಗೆ ಆ ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಮುಖದ ಮೇಲೆ ಏನೂ ತೋರಗೊಡದೆ ಉತ್ತರ ಹೇಳಿದಳು. "ಯಾರೂ ಇಲ್ಲದ ಕಡೆ ಕರ್ಕೊಂಡು ಹೋಗಿ ಕೇಳ್ತೀನಿ ಸರ್. ಎಲ್ಲರೆದುರಿಗೆ ಚೀಲ ತೆಗೆಯೋ ಧೈರ್ಯ ಯಾರಿಗೂ ಇರೋಲ್ಲ. ಸಾಮಾನ್ಯವಾಗಿ ಒಳಗೆ ಏನೂ ಇರೋದೂ ಇಲ್ಲ. ಏನೋ ಇರಬೇಕಾಗಿತ್ತು, ಅದು ಕಳೆದಿರುತ್ತೆ."

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿ, ಸಿಕ್ಕ ಬಸ್ಸು ಹತ್ತಿ, ಜಾಮಿನ ತುದಿಯಲ್ಲಿ ಇಳಿದು ನಡೆದೇ ಬಂದಳು. ಹಗ್ಗ ಎತ್ತಿ ಒಳಗೆ ನುಗ್ಗಿದವಳನ್ನು ಕಾನ್‌ಸ್ಟೇಬಲ್ ತಡೆದ. "ಯಾರಮ್ಮ ನೀನು?"

"ಅವರ ಹೆಂಡತಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಒಳಗಿರುವುದು ಹೆಂಡತಿಯ ಹೆಣ ಎಂದು ಅರ್ಧ ಜನ ಆಗಲೇ ತೀರ್ಮಾನಿಸಿದ್ದರು. ಅವರಿಗೆ ಇವಳು ಜೀವಂತವಾಗಿ ಬಂದದ್ದು ಸರಿಕಾಣಲಿಲ್ಲ.

ಅವಳು ಗಂಡನನ್ನು ಡಿಕ್ಕಿಯಿಂದ ಇಳಿಸಿ, ಜೆರಾಕ್ಸ್ ಅಂಗಡಿಯ ಹಿಂಬದಿಗೆ ಕರೆದುಕೊಂಡು ಹೋದಳು. ಸಬ್ ಇನ್ಸ್‌ಪೆಕ್ಟರು ಬೇಡವೆನ್ನಬೇಕೆಂದಿದ್ದರು. ಆದರೆ ಅವಳು ನೋಡಿದ ರೀತಿಗೆ ಅವರಿಗೆ ತಮ್ಮ ಮೂರನೇ ತರಗತಿ ನೆನಪಾಯಿತಂತೆ.

"ಸ್ಟೆಪ್ನಿ ಯಾರಿಗೆ ಕೊಟ್ರಿ?"

ಅವನು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಗೋಡೆಗೊರಗಿ ಕೂತು, ಬೂಟು ಬಿಚ್ಚಿ, ಕಾಲುಚೀಲದಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ. ಹಿಮ್ಮಡಿಯಲ್ಲಿ ಕೀಯ ಅಚ್ಚು ಮೂಡಿತ್ತು.

"ಇದನ್ನ ನನಗಾದ್ರೂ ಹೇಳಬಹುದಿತ್ತಲ್ಲ."

"ಇಂಟರ್ವ್ಯೂ ಇತ್ತಲ್ಲ, ಯಾಕೆ ತಲೆ ಕೆಡಿಸೋದು ಅಂತ..."

ಅವಳು ಮಾತು ಬೆಳೆಸಲಿಲ್ಲ. ನೇರ ಹೋಗಿ ಅಪ್ಪನ ಮುಂದೆ ನಿಂತು, "ಅಪ್ಪಾ, ಸ್ಟೆಪ್ನಿ ಇಲ್ಲ. ಇವರು ಆಫೀಸಲ್ಲಿ ಒಬ್ಬರಿಗೆ ಕೊಟ್ಟುಬಿಟ್ಟಿದಾರೆ. ನಿಮಗೆ ಹೆದರಿ ಹೇಳಿಲ್ಲ. ಇಷ್ಟೇ ವಿಷಯ," ಎಂದಳು.

ಮೊದಲು ನಂಬದವರು ಸಬ್ ಇನ್ಸ್‌ಪೆಕ್ಟರು. "ಒಂದು ಟೈರ್ ಇಲ್ಲ ಅಂತ ಯಾರಾದ್ರೂ ಇಷ್ಟೆಲ್ಲ ಮಾಡ್ತಾರೇನ್ರೀ?" ಎಂದು ಕೀ ಕಿತ್ತುಕೊಂಡು ತಾವೇ ಡಿಕ್ಕಿ ತೆಗೆದರು. ಜಮಖಾನ ಸರಿಸಿದರು. ಹಲಗೆ ಎತ್ತಿದರು. ದುಂಡನೆಯ ಗುಂಡಿ, ಅದರ ಮೂಲೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಜಾಕಿ, ಪಾನಾ. ಅಷ್ಟೇ. ಗುಂಪು ಕತ್ತು ಚಾಚಿ ನೋಡಿತು. ಇಷ್ಟು ಹೊತ್ತು ಬಿಸಿಲಲ್ಲಿ ನಿಂತವರಿಗೆ ಇದು ದ್ರೋಹ. "ಮೊದಲೇ ಸಾಗಿಸಿಬಿಟ್ಟಿದಾನೆ," ಎಂದಳು ಮಹಡಿಯ ಹೆಂಗಸು, ಒಣಗಿದ ಬಟ್ಟೆ ತೆಗೆಯುತ್ತಾ.

ಮಾವ ಆ ಗುಂಡಿಯ ಮೇಲೆ ಬಗ್ಗಿದರು. ಕೈ ಇಳಿಬಿಟ್ಟು ಅದರ ತಳ ಮುಟ್ಟಿದರು.

"ಅಳಿಯಂದ್ರೇ, ನನಗೆ ಅಷ್ಟು ಹೆದರ್ತೀರಾ?"

"ಹೌದು ಮಾವ."

ಅಪ್ಪನ ಮುಖದಲ್ಲಿ ನೋವಿತ್ತು, ಆದರೆ ಒಂದು ಚೂರು ಸಂತೋಷವೂ ಇತ್ತು ಎನ್ನುತ್ತಾಳೆ ಮಗಳು. ನಿವೃತ್ತರಾದ ಮೇಲೆ ಅವರಿಗೆ ಯಾರೂ ಹೆದರಿರಲಿಲ್ಲ.

ಪೊಲೀಸರು ಹಗ್ಗ ಬಿಚ್ಚಿಕೊಂಡು ಹೊರಟರು. ಗುಂಪು ಕರಗಿತು. ಉಳಿದದ್ದು ಮೂರು ಜನ ಮತ್ತು ಗಾಳಿ ಹೋದ ಚಕ್ರ. ಬೆಳಿಗ್ಗೆಯಿಂದ ಇಷ್ಟೆಲ್ಲ ಆದರೂ ಅದರ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ.

"ಸ್ಟೆಪ್ನಿ ಇಲ್ಲದಿದ್ರೆ ಏನಂತೆ," ಎಂದಳು ಹೆಂಡತಿ. "ಆ ಚಕ್ರಾನೇ ಬಿಚ್ಚಿ, ಆಟೋದಲ್ಲಿ ಹಾಕ್ಕೊಂಡು ಹೋಗಿ ಪಂಕ್ಚರ್ ಹಾಕಿಸ್ಕೊಂಡು ಬರೋದು ತಾನೆ?"

ಮಾವ, ಅಳಿಯ ಇಬ್ಬರೂ ಅವಳನ್ನು ನೋಡಿದರು. ವಾಹನ ಶಾಸ್ತ್ರದಲ್ಲಿ ಪಳಗಿದ ಒಬ್ಬರಿಗೂ ಪಂಕ್ಚರ್ ಆಗದ ಹಾಗೆ ಓಡಿಸಬಲ್ಲ ಇನ್ನೊಬ್ಬರಿಗೂ ಅದು ಹೊಳೆದಿರಲಿಲ್ಲ. ನಕಾಶೆಗಾರ ಜಾಕಿ ಹಾಕಿ, ಚಕಚಕನೆ ಬಗ್ಗಿ ಎದ್ದು ಚಕ್ರ ಬಿಚ್ಚಿದ. ಬೆನ್ನಿನ ಮಾತು ಯಾರೂ ಎತ್ತಲಿಲ್ಲ. ಮಾವ ಕಾರಿನೊಳಗೆ ಕಾವಲು ಕೂತರು. ಹೆಂಡತಿ ನೆರಳಿಗೆ ನಿಂತಳು. ಅವನು ಆಟೋದಲ್ಲಿ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಹೋದ.

ಪಂಕ್ಚರ್ ಅಂಗಡಿಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಆ ದಿನ ಸುಸೂತ್ರವಾಗಿ ನಡೆದದ್ದು ಅದೊಂದೇ. ತುಂಬು ಗಾಳಿಯ ಚಕ್ರವನ್ನು ಎತ್ತಿಕೊಂಡು ಅವನು ಆಟೋದಿಂದ ಇಳಿದು, ಆಟೋ ಕಳಿಸಿ, ತಿರುಗಿ ನೋಡಿದ. ಅಲ್ಲಿ ಹೆಂಡತಿ ಇದ್ದಳು. ನೆಲದ ಮೇಲೆ ಜಾಕಿ ಇತ್ತು. ಕಾರು ಇರಲಿಲ್ಲ.

"ಕ್ರೇನ್ ಬಂತು," ಎಂದಳು ಅವಳು. "ಬೆಳಿಗ್ಗೆ ಕಾನ್‌ಸ್ಟೇಬಲ್ ಹೇಳಿಕಳಿಸಿದ್ರಂತಲ್ಲ, ಅದು. ಬೇಡ ಅಂತ ಅವರಿಗೆ ಯಾರೂ ತಿಳಿಸಿಲ್ಲ."

"ಮಾವ ಒಳಗೇ ಇದ್ರಲ್ಲ. ತಡೀಲಿಲ್ವಾ?"

"ಕ್ರೇನಿನವರ ಆರ್ಡರ್ ಇಸ್ಕೊಂಡು ಓದಿದ್ರು. ಎಲ್ಲ ಕ್ರಮವಾಗಿದೆ ಅಂದ್ರು. ಮೂರು ಚಕ್ರದ ಕಾರು ಸಾರ್ವಜನಿಕ ರಸ್ತೇಲಿ ನಿಲ್ಲೋ ಹಾಗಿಲ್ಲ, ನಾನಾಗಿದ್ರೂ ಎತ್ತಿಸ್ತಿದ್ದೆ ಅಂದ್ರು. ಸರಪಳಿ ಎಲ್ಲಿ ಹಾಕಬೇಕು ಅಂತಾನೂ ಅವರೇ ತೋರಿಸಿಕೊಟ್ರು. ಆಮೇಲೆ ಕ್ರೇನಿನ ಡ್ರೈವರ್ ಪಕ್ಕ ಕೂತ್ಕೊಂಡು ಹೋದ್ರು."

ನಕಾಶೆಗಾರ ಚಕ್ರವನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಕೈಯಲ್ಲಿ ಒಂದು ಒಳ್ಳೆಯ ಹೆಚ್ಚಿನ ಚಕ್ರ ಇತ್ತು. ಉಳಿದದ್ದೇ ಇರಲಿಲ್ಲ. ಜಫ್ತಿ ಗಾಡಿಗಳ ಅಂಗಳ ಊರಿನ ಆಚೆ ತುದಿಯಲ್ಲಿದೆ. ಚಕ್ರ ಕಂಡು ಒಂದು ಆಟೋವೂ ನಿಲ್ಲಲಿಲ್ಲ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಅದನ್ನು ನೆಲಕ್ಕಿಳಿಸಿ ಉರುಳಿಸತೊಡಗಿದ. ಹೆಂಡತಿ ಒಂದು ಕೈಯಲ್ಲಿ ಫೈಲು, ಒಂದು ಕೈಯಲ್ಲಿ ಜಾಕಿ ಹಿಡಿದು ಪಕ್ಕದಲ್ಲಿ ನಡೆದಳು.

ಎರಡು ಬೀದಿ ದಾಟಿದ ಮೇಲೆ ಅವನಿಗೆ ನೆನಪಾಯಿತು.

"ಅಂದ ಹಾಗೆ, ಇಂಟರ್ವ್ಯೂ ಏನಾಯ್ತು?"

"ನೀವು ಪಂಕ್ಚರ್ ಹಾಕಿಸೋಕೆ ಹೋದಾಗ ಫೋನ್ ಬಂತು. ಕೆಲಸ ಕೊಟ್ಟಿದಾರೆ."

ಅವನು ನಿಂತ. ಅವಳ ಕಡೆ ತಿರುಗಿದ. ಕೈತಪ್ಪಿದ ಚಕ್ರ ಇಳಿಜಾರಿನಲ್ಲಿ ತಾನೇ ಮುಂದೆ ಹೊರಟಿತು. ಅದರ ಹಿಂದೆ ಓಡಿದ.

"ನಿಧಾನ ಕಣ್ರೀ," ಎಂದು ಹಿಂದಿನಿಂದ ಅವಳು ಕೂಗಿದಳು. "ಮುಂದೆ ಮನೆ ಕಟ್ತಿದಾರೆ. ರಸ್ತೆ ತುಂಬಾ ಮೊಳೆ ಬಿದ್ದಿರುತ್ತೆ."